ಪತ್ರದ ಬಾಲ ಕತ್ತರಿಸೋಣ, ಉಲ್ಲೇಖ ಉಳಿಸೋಣ



ಸುಲಿದ ಅಡಿಕೆಯ ಜೊತೆಗೆ ಅದರ ಸಿಪ್ಪೆಯನ್ನೂ ಚೀಲಕ್ಕೆ ತುಂಬಿ, ಲಾರಿ ಬಾಡಿಗೆ ಕೊಟ್ಟು ದೂರದ ಊರಿಗೆ ಕಳುಹಿಸುವ ಬೆಳೆಗಾರರು ನಮ್ಮಲ್ಲಿ ಯಾರೂ ಇಲ್ಲ. ಸಿಪ್ಪೆ ತೋಟದಲ್ಲೇ ಉಳಿಯುತ್ತದೆ, ಗೊಬ್ಬರವೋ ಉರುವಲೋ ಆಗುತ್ತದೆ. ಕಾಫಿ ಚೀಲದಲ್ಲಿ ಕಲ್ಲು ಕಡ್ಡಿ ಸೇರಿದರೆ ತೂಕಕ್ಕೆ ಮುಂಚೆಯೇ ಜಗಳ ಏಳುತ್ತದೆ. ಸರಕಿನ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ನಾವು, ಸರಕಿನ ಬಗ್ಗೆ ಬರೆಯುವ ಪತ್ರದ ವಿಷಯದಲ್ಲಿ ಮಾತ್ರ ಸಿಪ್ಪೆ, ಕಲ್ಲು, ಕಡ್ಡಿ ಎಲ್ಲವನ್ನೂ ಸೇರಿಸಿಯೇ ಕಳುಹಿಸುತ್ತಿದ್ದೇವೆ. ಇಲ್ಲಿ ನಾವು ಹೇಳಹೊರಟಿರುವುದು ಇ-ಮೇಲ್ ಪತ್ರಗಳ ಮಾತು.

ಒಂದು ಇ-ಮೇಲ್ ಬರುತ್ತದೆ. ನಾವು ಉತ್ತರದ ಗುಂಡಿ ಒತ್ತಿ 'ಆಗಬಹುದು' ಎಂದು ಬರೆದು ಕಳುಹಿಸುತ್ತೇವೆ. ನಾವು ಬರೆದದ್ದು ಒಂದೇ ಪದ. ಹೋದದ್ದು ಮಾತ್ರ ಒಂದು ಪದವಲ್ಲ. ಅವರ ಪತ್ರ ಪೂರ್ತಿಯಾಗಿ, ಅದರ ಕೆಳಗೆ ಅದಕ್ಕೆ ಮುಂಚಿನ ನಮ್ಮ ಪತ್ರ, ಅದರ ಕೆಳಗೆ ಅದಕ್ಕೂ ಮುಂಚಿನ ಅವರ ಪತ್ರ, ಪ್ರತಿಯೊಂದರ ತುದಿಯಲ್ಲಿ ಹೆಸರು, ಹುದ್ದೆ, ವಿಳಾಸ, ಲಾಂಛನ, ಎಲ್ಲವೂ ಹೋಗಿರುತ್ತವೆ. ಹೀಗೆ ಹತ್ತು ಸಲ ಹೋಗಿಬಂದರೆ ಪತ್ರ ಹನುಮಂತನ ಬಾಲವಾಗುತ್ತದೆ. ಈ ಬಾಲದಿಂದ ಆಗುವ ತೊಂದರೆ ಏನು, ಅದನ್ನು ಕತ್ತರಿಸುವುದು ಹೇಗೆ, ಎಲ್ಲಿ ಕತ್ತರಿಸಬಾರದು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೂರು ಊರು, ಒಂದು ಲಾರಿ

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ನಮ್ಮಂತಹ ಒಂದು ಸಹಕಾರ ಸಂಘ ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಮೂವರು ವ್ಯಾಪಾರಿಗಳಿಗೆ ಅಡಿಕೆ ಕಳುಹಿಸುತ್ತದೆ ಎಂದಿಟ್ಟುಕೊಳ್ಳೋಣ. ಇವು ಅಡಿಕೆ ಕಾಫಿ ಬೆಳೆಯುವ ಊರುಗಳಲ್ಲ. ನಾರಾಯಣಪುರದ ಬಸವಸಾಗರದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತದ ಗದ್ದೆಗಳಾದವು. ಉಳಿದಂತೆ ಅದು ಹತ್ತಿ, ತೊಗರಿ, ಜೋಳದ ಸೀಮೆ. ಕಾಫಿಗಿಂತ ಚಹಾವನ್ನೇ ಹೆಚ್ಚು ಕುಡಿಯುವ ಜನ. ಆದರೆ ಎಲೆ ಅಡಿಕೆ ಇಲ್ಲದೆ ಅಲ್ಲಿ ಮದುವೆಯೂ ಇಲ್ಲ, ಮಾತುಕತೆಯೂ ಇಲ್ಲ. ಬೆಳೆಯದ ಊರಿನಲ್ಲಿ ತಿನ್ನುವವರಿದ್ದರೆ ಬೆಳೆಯುವವರಿಗೆ ಅದು ಮಾರುಕಟ್ಟೆ. ಮಲೆನಾಡಿನಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮುಖ ನೋಡಿ ಮಾತಾಡುವುದು ವರ್ಷಕ್ಕೊಮ್ಮೆ. ಉಳಿದದ್ದೆಲ್ಲ ಫೋನು ಮತ್ತು ಪತ್ರ.

ಸುರಪುರದ ವ್ಯಾಪಾರಿ ಮೊದಲ ಪತ್ರದಲ್ಲಿ 20 ಚೀಲ ಬೇಕೆಂದು ಬರೆಯುತ್ತಾರೆ. ದರದ ಬಗ್ಗೆ ನಾಲ್ಕಾರು ಪತ್ರ ಓಡಾಡುತ್ತವೆ. ಏಳನೆಯ ಪತ್ರದಲ್ಲಿ ಅವರು 'ಸದ್ಯಕ್ಕೆ 15 ಸಾಕು' ಎಂದು ಒಂದು ಸಾಲು ಸೇರಿಸುತ್ತಾರೆ. ಆಮೇಲೆ ಲಾರಿ ಯಾವ ದಿನ, ಬಾಡಿಗೆ ಯಾರದ್ದು, ಬಿಲ್ಲು ಯಾರ ಹೆಸರಿಗೆ ಎಂದು ಇನ್ನೂ ಐದು ಪತ್ರ. ಹನ್ನೆರಡನೆಯ ಪತ್ರ ಬರುವ ಹೊತ್ತಿಗೆ ಸರಕು ತುಂಬಿಸುವ ಗುಮಾಸ್ತರು ಚೀಲದ ಲೆಕ್ಕ ಎಲ್ಲಿದೆ ಎಂದು ಬೆರಳಿನಿಂದ ಪರದೆ ಸರಿಸುತ್ತ ಕೆಳಕ್ಕೆ ಇಳಿಯುತ್ತಾರೆ. ನಡುವಿನ ಒಂದು ಸಾಲು ಕಣ್ತಪ್ಪುತ್ತದೆ. ತಳದಲ್ಲಿರುವ 20 ಸಿಗುತ್ತದೆ. ಲಾರಿಗೆ 20 ಚೀಲ ಏರುತ್ತದೆ.

"ಹದಿನೈದು ಚೀಲ ಅಂತ ಬರ್ದಿದ್ದೆವಲ್ಲರಿ, ಇಪ್ಪತ್ತ್ಯಾಕ ಕಳಿಸೀರಿ?" ಎಂದು ಸುರಪುರದಿಂದ ಫೋನು.

"ನಿಮ್ಮ ಪತ್ರದಲ್ಲೇ ಇಪ್ಪತ್ತು ಅಂತ ಇದೆಯಲ್ಲ ಮಾರಾಯ್ರೆ" ಎಂದು ಇಲ್ಲಿಂದ ಉತ್ತರ.

ಇಬ್ಬರ ಮಾತೂ ಸುಳ್ಳಲ್ಲ. ಇಬ್ಬರ ಮುಂದೆಯೂ ಇರುವುದು ಒಂದೇ ಪತ್ರ. ಅದರಲ್ಲಿ 20 ಕೂಡ ಇದೆ, 15 ಕೂಡ ಇದೆ. ಯಾವುದು ಕೊನೆಯ ಮಾತು ಎಂಬುದು ಮಾತ್ರ ಕಾಣುತ್ತಿಲ್ಲ. ಹೆಚ್ಚಾದ ಐದು ಚೀಲ ಹಿಂದಕ್ಕೆ ಬರಬೇಕು ಅಥವಾ ಸಿಕ್ಕ ಬೆಲೆಗೆ ಅಲ್ಲೇ ಕೈಬಿಡಬೇಕು. ನಷ್ಟ ಗುಮಾಸ್ತರದ್ದಲ್ಲ, ಆ ಐದು ಚೀಲ ತುಂಬಿಕೊಟ್ಟ ಸಣ್ಣ ಬೆಳೆಗಾರರದ್ದು.

ಬಾಲ ಬೆಳೆಯುವ ಲೆಕ್ಕ

ಬಾಲ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಕಾಗದ ಪೆನ್ಸಿಲು ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಪ್ರತಿ ಪತ್ರದಲ್ಲಿ ಹೊಸದಾಗಿ ಬರೆಯುವುದು ನಾಲ್ಕೇ ಸಾಲು ಎಂದಿಟ್ಟುಕೊಳ್ಳಿ. 12 ಪತ್ರಗಳಿಗೆ ಹೊಸ ಸಾಲುಗಳು 48. ಆದರೆ ಪ್ರತಿ ಪತ್ರವೂ ಹಿಂದಿನದನ್ನೆಲ್ಲ ಹೊತ್ತು ತಂದರೆ ಮೊದಲನೆಯದರಲ್ಲಿ 4 ಸಾಲು, ಎರಡನೆಯದರಲ್ಲಿ 8, ಮೂರನೆಯದರಲ್ಲಿ 12, ಹೀಗೆ ಹನ್ನೆರಡನೆಯದರಲ್ಲಿ 48 ಸಾಲು. ಒಟ್ಟು ಕೂಡಿದರೆ 312 ಸಾಲು. ಇವುಗಳಲ್ಲಿ 264 ಸಾಲು ಹಿಂದೆ ಒಮ್ಮೆ ಬಂದದ್ದೇ. ಎಂದರೆ ನೂರಕ್ಕೆ ಸುಮಾರು 85 ಪಾಲು ಸಿಪ್ಪೆ, 15 ಪಾಲು ಅಡಿಕೆ. ಪತ್ರಗಳು 20 ಆದರೆ ಹೊಸ ಸಾಲು 80, ಒಟ್ಟು ಸಾಲು 840.

ಇದು ಒಬ್ಬರ ಪೆಟ್ಟಿಗೆಯ ಲೆಕ್ಕ. ಎಲ್ಲರಿಗೂ ಪ್ರತಿ ಹೋಗುವಂತೆ ಉತ್ತರಿಸಿದರೆ, ಸಂಘ ಮತ್ತು ಮೂವರು ವ್ಯಾಪಾರಿಗಳು ಸೇರಿ ನಾಲ್ಕು ಪೆಟ್ಟಿಗೆಗಳಲ್ಲಿ 1,248 ಸಾಲು. ಬೇಕಾಗಿದ್ದದ್ದು 192.

ಅಕ್ಷರಗಳು ಹೆಚ್ಚು ಜಾಗ ತಿನ್ನುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಈಗ ಬಳಕೆಯಲ್ಲಿರುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟ್ ಬೇಕು. 'ಅಡಿಕೆ' ಎಂಬ ಪದಕ್ಕೆ 15 ಬೈಟ್. ಇ-ಮೇಲಿನಲ್ಲಿ ಸಾಗಿಸಲು ಇವನ್ನು ಬೇರೆ ರೂಪಕ್ಕೆ ಮಾರ್ಪಡಿಸುವುದುಂಟು. ಆಗ ಮೂರು ಬೈಟ್ ನಾಲ್ಕಾಗುತ್ತದೆ. ಹಾಗಿದ್ದರೂ ಸಾಲಿಗೆ 40 ಅಕ್ಷರ ಚಿಹ್ನೆಗಳಂತೆ ಮೇಲಿನ 312 ಸಾಲು ಹೆಚ್ಚೆಂದರೆ 50 ಕಿಲೋಬೈಟ್ ಆದೀತು. ಅದು ದೊಡ್ಡ ಮೊತ್ತವಲ್ಲ.

ಜಾಗ ತಿನ್ನುವುದು ಬಾಲದಲ್ಲಿ ಸಿಕ್ಕಿಕೊಂಡ ಚಿತ್ರಗಳು. ಹೆಸರಿನ ಕೆಳಗೆ ಹಾಕುವ ಬಣ್ಣದ ಲಾಂಛನ 50 ಕಿಲೋಬೈಟ್ ಎಂದಿಟ್ಟುಕೊಳ್ಳಿ. ಮೇಲಿನ 12 ಪತ್ರಗಳಲ್ಲಿ ಅದು 78 ಸಲ ಹೋಗುತ್ತದೆ. ಮೊತ್ತ 3,900 ಕಿಲೋಬೈಟ್. ಸಾಗಾಟದ ರೂಪದಲ್ಲಿ ಮೂರಕ್ಕೆ ನಾಲ್ಕಾಗಿ 5,200. ಒಂದು ಲಾಂಛನದಷ್ಟು ಮಾತಿಗಾಗಿ ನೂರು ಲಾಂಛನದ ಭಾರ. ಇದರ ಮೇಲೆ ಚೀಲದ ಫೋಟೋ, ಬಿಲ್ಲಿನ ಫೋಟೋ ಇವುಗಳನ್ನು ಪತ್ರದ ನಡುವೆಯೇ ಅಂಟಿಸಿದ್ದರೆ ಅವೂ ಬಾಲದ ಜೊತೆ ಸಾಗುತ್ತವೆ.

ಜಿಮೇಲ್ ಉಚಿತವಾಗಿ ಕೊಡುವ ಜಾಗ 15 ಗಿಗಾಬೈಟ್. ಅದರಲ್ಲಿ ಪತ್ರ ಮಾತ್ರವಲ್ಲ, ನಾವು ಅಲ್ಲಿ ಇಟ್ಟ ಫೋಟೋ, ಕಡತ ಎಲ್ಲವೂ ಸೇರಿರಬೇಕು. ಅದು ತುಂಬಿತೆಂದರೆ ಹೊಸ ಪತ್ರ ಒಳಗೆ ಬರುವುದೇ ನಿಲ್ಲುತ್ತದೆ. ಹಣ ಜಮೆ ಆದ ಸುದ್ದಿಯೂ ಬರುವುದಿಲ್ಲ, ಆದೇಶವೂ ಬರುವುದಿಲ್ಲ. ಬರಲಿಲ್ಲವೆಂಬುದು ನಮಗೆ ಬೇಗ ತಿಳಿಯುವುದೂ ಇಲ್ಲ.

ಬಾಲದಲ್ಲಿ ಅಡಗಿದ ಗುಟ್ಟು

ಜಾಗದ ನಷ್ಟಕ್ಕಿಂತ ದೊಡ್ಡದು ಗುಟ್ಟು ಬಯಲಾಗುವ ನಷ್ಟ. ಶಹಾಪುರದ ವ್ಯಾಪಾರಿ ಹೆಚ್ಚು ಸರಕು ಕೊಳ್ಳುತ್ತಾರೆಂದು ಅವರಿಗೆ ಸ್ವಲ್ಪ ಇಳಿಸಿದ ದರ ಹೇಳಿರುತ್ತೇವೆ. ಲಾರಿಯ ದಿನ ತಿಳಿಸಲು ಅದೇ ಪತ್ರವನ್ನು ಯಾದಗಿರಿ, ಸುರಪುರದವರಿಗೂ ಮುಂದಕ್ಕೆ ಕಳುಹಿಸುತ್ತೇವೆ. ಮೇಲೆ ಲಾರಿಯ ದಿನ ಇದೆ. ಕೆಳಗೆ, ಬಾಲದಲ್ಲಿ, ಶಹಾಪುರದ ದರ ಇದೆ. ಮರುದಿನ ಇಬ್ಬರೂ ಅದೇ ದರ ಕೇಳಿದರೆ ಅವರನ್ನು ದೂರುವಂತಿಲ್ಲ. ನಾವೇ ಓದಿ ಹೇಳಿದ್ದೇವೆ.

ಬ್ಯಾಂಕ್ ಖಾತೆಯ ಸಂಖ್ಯೆ, ಸದಸ್ಯರ ಆಧಾರ್ ಪ್ರತಿ, ಸಾಲದ ಬಾಕಿಯ ವಿವರ ಇವೂ ಹೀಗೆಯೇ ಸಂಬಂಧವಿಲ್ಲದವರ ಕೈಗೆ ತಲುಪುತ್ತವೆ. ವ್ಯಾಪಾರದ ಪತ್ರಗಳನ್ನು ಕದ್ದು ಓದಿ ಮೋಸ ಮಾಡುವವರ ಕ್ರಮವನ್ನು ಸದಸ್ಯರು ತಿಳಿದಿರಬೇಕು. ಅವರು ಯಾರಾದರೊಬ್ಬರ ಪೆಟ್ಟಿಗೆಯೊಳಗೆ ನುಗ್ಗುತ್ತಾರೆ. ಇಡೀ ಸರಪಣಿ ಒಂದೇ ಪತ್ರದಲ್ಲಿ ಸಿಗುತ್ತದೆ. ಎಷ್ಟು ಚೀಲ, ಎಷ್ಟು ಹಣ, ಯಾರು ಯಾರಿಗೆ ಯಾವ ರೀತಿ ಬರೆಯುತ್ತಾರೆ ಎಲ್ಲವೂ ಗೊತ್ತಾಗುತ್ತದೆ. ಆಮೇಲೆ ಅದೇ ಬಾಲವನ್ನು ಕೆಳಗಿಟ್ಟುಕೊಂಡು 'ನಮ್ಮ ಖಾತೆ ಬದಲಾಗಿದೆ, ಹಣವನ್ನು ಈ ಹೊಸ ಖಾತೆಗೆ ಹಾಕಿ' ಎಂದು ಬರೆಯುತ್ತಾರೆ. ಹಳೆಯ ಪತ್ರಗಳು ಕೆಳಗೆ ಕಾಣುತ್ತಿರುವುದರಿಂದ ಓದಿದವರಿಗೆ ಅನುಮಾನ ಬರುವುದಿಲ್ಲ. ಬಾಲ ಇದೆಯೆಂದ ಮಾತ್ರಕ್ಕೆ ಪತ್ರ ಅಸಲಿ ಎಂದು ನಂಬಬಾರದು. ಖಾತೆ ಬದಲಾಯಿತೆಂದು ಯಾರೇ ಬರೆದರೂ, ಮೊದಲಿನಿಂದ ನಮ್ಮಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಿ ಧ್ವನಿ ಕೇಳಿ ಖಚಿತಪಡಿಸಿಕೊಂಡೇ ಹಣ ಕಳುಹಿಸಬೇಕು. ಮೋಸವಾಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಸುರಪುರದಿಂದ ಲಂಡನ್ನಿಗೆ ಹೋಗುತ್ತಿದ್ದ ಪತ್ರ

ಹಾಗಾದರೆ ಹಿಂದಿನ ಮಾತು ನೆನಪಿಗೆ ತರುವುದು ಹೇಗೆ? ಉತ್ತರ ಬರೆಯುವಾಗ ಯಾವ ಮಾತಿಗೆ ಉತ್ತರ ಎಂದು ಹೇಳಲೇಬೇಕಲ್ಲ? ಈ ಪ್ರಶ್ನೆ ಇ-ಮೇಲಿಗಿಂತ ಬಹಳ ಹಳೆಯದು. ಹಿಂದಿನವರು ಇದಕ್ಕೆ ಪರಿಹಾರವನ್ನೂ ಕಂಡುಕೊಂಡಿದ್ದರು. ಅದಕ್ಕೆ ನಿದರ್ಶನವಾಗಿ ಇದೇ ಸುರಪುರವನ್ನೇ ನೋಡಬಹುದು.

1841ರಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷರ ಏಜೆಂಟರಾಗಿದ್ದವರು ಫಿಲಿಪ್ ಮೆಡೋಸ್ ಟೇಲರ್. ರಾಜಾ ವೆಂಕಟಪ್ಪ ನಾಯಕರು ಆಗ ಇನ್ನೂ ಬಾಲಕರು. 1858ರಲ್ಲಿ ಬ್ರಿಟಿಷರ ವಿರುದ್ಧದ ಹೋರಾಟದ ಕೊನೆಯಲ್ಲಿ ಪ್ರಾಣ ತೆತ್ತ ರಾಜರು ಇವರೇ. ಟೇಲರ್ ಇದ್ದ ಮನೆ ಊರಿನ ಗುಡ್ಡದ ಮೇಲೆ 'ಟೇಲರ್ ಮಂಜಿಲ್' ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಆ ಕಾಲದಲ್ಲಿ ಸುರಪುರದ ಒಂದು ವಿಷಯ ಮೇಲಕ್ಕೆ ಹೋಗಬೇಕಾದರೆ ಹೈದರಾಬಾದಿನ ರೆಸಿಡೆಂಟರಿಗೆ, ಅಲ್ಲಿಂದ ಕಲ್ಕತ್ತೆಯ ಸರ್ಕಾರಕ್ಕೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಹೋಗಬೇಕಿತ್ತು. ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಏನು ಬರೆದಿದ್ದೆವೆಂಬುದೇ ಮರೆತುಹೋಗುವ ಸಂಭವ.

ಕೈಬರಹದ ಕಾಲದಲ್ಲಿ ಹಿಂದಿನ ಪತ್ರವನ್ನೆಲ್ಲ ಪ್ರತಿ ಉತ್ತರದಲ್ಲೂ ನಕಲು ಮಾಡಿ ಕಳುಹಿಸುವುದೆಂದರೆ ಗುಮಾಸ್ತರ ಕೈ ಬಿದ್ದುಹೋಗುತ್ತಿತ್ತು. ಆದ್ದರಿಂದ ಕಂಪನಿಯ ಪತ್ರಗಳಲ್ಲಿ ಪ್ರತಿ ಪರಿಚ್ಛೇದಕ್ಕೂ ಸಂಖ್ಯೆ ಹಾಕುವ ಕ್ರಮವಿತ್ತು. ಉತ್ತರ ಬರೆಯುವವರು 'ಇಂತಹ ದಿನಾಂಕದ ಪತ್ರದ 5ರಿಂದ 8ನೆಯ ಪರಿಚ್ಛೇದಗಳಿಗೆ ಉತ್ತರ' ಎಂದು ಸೂಚಿಸಿ ನೇರವಾಗಿ ವಿಷಯಕ್ಕೆ ಬರುತ್ತಿದ್ದರು. ಹಿಂದಿನ ಕಾಗದಗಳ ಪ್ರತಿಗಳು ಬೇಕಾದಾಗ ಅವನ್ನು ಬೇರೆಯಾಗಿ ಒಂದು ಸಂಗ್ರಹವಾಗಿ ಕಟ್ಟಿಡುತ್ತಿದ್ದರು. ಲಂಡನ್ನಿನ ನಿಯಂತ್ರಣ ಮಂಡಳಿಗಾಗಿ 1796ರಿಂದ 1858ರವರೆಗೆ ಹೀಗೆ ಕಟ್ಟಿದ ಸಂಗ್ರಹಗಳು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಗಲೂ ಇವೆ. ಪತ್ರದಲ್ಲಿ ಸಂಖ್ಯೆ, ಕಪಾಟಿನಲ್ಲಿ ದಾಖಲೆ. ಎರಡನ್ನೂ ಬೆರೆಸುತ್ತಿರಲಿಲ್ಲ.

ಇದು ಪರಕೀಯರ ಜಾಣತನವೆಂದು ಹೊಗಳಬೇಕಾಗಿಲ್ಲ. ಖರ್ಚು ಕಣ್ಣಿಗೆ ಕಂಡರೆ ಎಲ್ಲರೂ ಮಿತವಾಗುತ್ತಾರೆ. ಅಂಚೆಗೆ ತೂಕದ ಮೇಲೆ ದರವಿತ್ತು. ನಿಜಾಮರ ಸೀಮೆಯಲ್ಲಿ 1869ರಲ್ಲಿ ಅವರದೇ ಅಂಚೆ ಚೀಟಿಗಳು ಬಂದವು. 1871ರಲ್ಲಿ ಮುಂಬಯಿಯ ಕಡೆಯ ರೈಲು ಮಾರ್ಗ ರಾಯಚೂರಿನಲ್ಲಿ ಮದ್ರಾಸಿನ ಕಡೆಯ ಮಾರ್ಗವನ್ನು ಕೂಡಿಕೊಂಡಿತು. ಆ ಮಾರ್ಗದ ಮೇಲೆಯೇ ಇರುವ ಯಾದಗಿರಿಗೆ ದೂರದ ಸಂಪರ್ಕ ಹತ್ತಿರವಾಯಿತು. ಭಾರತದಲ್ಲಿ 1879ರಲ್ಲಿ ಬಂದ ಅಂಚೆ ಕಾರ್ಡಿನಲ್ಲಿ ಜಾಗವೇ ಇಷ್ಟು. ತಂತಿಯಲ್ಲಂತೂ ಪದಗಳನ್ನು ಎಣಿಸಿ ಹಣ ತೆರಬೇಕು. ಎಷ್ಟು ಚೀಲ, ಯಾವ ದಿನ ಎಂಬುದನ್ನು ಬಿಟ್ಟು ಬೇರೆ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. ಅದರೊಂದಿಗೆ ಪದ ಎಣಿಸುವ ಅಭ್ಯಾಸವೂ ಹೋಯಿತು. ಇ-ಮೇಲಿನಲ್ಲಿ ಹೆಚ್ಚು ಬರೆದರೆ ಕಳುಹಿಸುವವರಿಗೆ ಕಾಸಿನ ಖರ್ಚೂ ಕಾಣುವುದಿಲ್ಲ. ಆ ಖರ್ಚನ್ನು ಓದುವವರು ತಮ್ಮ ಸಮಯದಲ್ಲಿ ತೆರುತ್ತಾರೆ.

ನಮ್ಮ ಪತ್ರಕ್ಕೆ ಇದ್ದ ಎರಡು ಸಾಲು

ಶಾಲೆಯಲ್ಲಿ ಅರ್ಜಿ ಬರೆಯಲು ಕಲಿತ ಎಲ್ಲರಿಗೂ ಗೊತ್ತು. 'ಮಾನ್ಯರೇ' ಎಂಬುದರ ಕೆಳಗೆ 'ವಿಷಯ', ಅದರ ಕೆಳಗೆ 'ಉಲ್ಲೇಖ'. ಉಲ್ಲೇಖದಲ್ಲಿ ಹಿಂದಿನ ಪತ್ರದ ಸಂಖ್ಯೆ, ದಿನಾಂಕ. ಮುಗಿಯಿತು. ತಾಲ್ಲೂಕು ಕಚೇರಿಗೆ ಬರೆದರೂ, ಕಾಫಿ ಮಂಡಳಿಗೆ ಬರೆದರೂ, ಬ್ಯಾಂಕಿಗೆ ಬರೆದರೂ ಕ್ರಮ ಇದೇ. ಹಳೆಯ ಪತ್ರ ಬೇಕಾದವರು ಆ ಸಂಖ್ಯೆ ಹಿಡಿದು ಕಡತ ತೆಗೆದು ನೋಡುತ್ತಾರೆ. ಕಡತದಲ್ಲಿಯೂ ಟಿಪ್ಪಣಿಯ ಭಾಗ ಬೇರೆ, ಪತ್ರವ್ಯವಹಾರದ ಭಾಗ ಬೇರೆ. ಟಿಪ್ಪಣಿ ಬರೆಯುವವರು 'ಪುಟ 14ರ ಪತ್ರ ನೋಡಿ' ಎನ್ನುತ್ತಾರೆಯೇ ಹೊರತು ಪುಟ 14ನ್ನು ಮತ್ತೆ ಬರೆಯುವುದಿಲ್ಲ.

ಇ-ಮೇಲಿಗೆ ಬಂದಾಗ ನಾವು 'ವಿಷಯ'ವನ್ನು ಉಳಿಸಿಕೊಂಡೆವು, 'ಉಲ್ಲೇಖ'ವನ್ನು ಕೈಬಿಟ್ಟೆವು. ಉಲ್ಲೇಖದ ಒಂದು ಸಾಲಿನ ಜಾಗಕ್ಕೆ ಇಡೀ ಕಡತವನ್ನೇ ಕಟ್ಟಿ ಕಳುಹಿಸತೊಡಗಿದೆವು.

ವಿಚಿತ್ರವೆಂದರೆ ಯಂತ್ರವು ಉಲ್ಲೇಖವನ್ನು ಮರೆತಿಲ್ಲ. ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳುಹಿಸುವುದನ್ನು ಅಮೆರಿಕದ ರೇ ಟಾಮ್ಲಿನ್‌ಸನ್ 1971ರಲ್ಲಿ ಮಾಡಿ ತೋರಿಸಿದರು. 1982ರಲ್ಲಿ ಇ-ಮೇಲ್ ಪತ್ರದ ರೂಪ ಹೇಗಿರಬೇಕೆಂಬ ನಿಯಮಾವಳಿ ಬಂದಾಗಲೇ, ಪ್ರತಿ ಪತ್ರಕ್ಕೂ ಒಂದು ಗುರುತಿನ ಸಂಖ್ಯೆ ಇರಬಹುದು, ಉತ್ತರವು ಯಾವ ಪತ್ರಕ್ಕೆ ಎಂಬುದನ್ನು ಆ ಸಂಖ್ಯೆಯಿಂದ ಸೂಚಿಸಬಹುದು ಎಂದು ಹೇಳಿದ್ದರು. ಕಣ್ಣಿಗೆ ಕಾಣದ ತಲೆಬರಹದಲ್ಲಿ ಆ ಸಂಖ್ಯೆ ಇಂದಿಗೂ ಸಾಗುತ್ತದೆ. 2004ರಲ್ಲಿ ಬಂದ ಜಿಮೇಲ್ ಒಂದೇ ವಿಷಯದ ಪತ್ರಗಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸಲು ಇಂತಹ ಗುರುತುಗಳನ್ನೇ ಬಳಸುತ್ತದೆ. ನಾವು ಬಾಲ ಅಳಿಸಿದರೂ ಸರಪಣಿ ತುಂಡಾಗುವುದಿಲ್ಲ. ಪೆಟ್ಟಿಗೆಯಲ್ಲಿ ಪತ್ರಗಳು ಕೂಡಿಯೇ ಇರುತ್ತವೆ.

1995ರಲ್ಲಿ ಜಾಲ ಬಳಸುವವರಿಗಾಗಿ ಹೊರಟ ಒಂದು ಸೌಜನ್ಯ ಸೂಚಿಯೂ ಇದನ್ನೇ ಹೇಳಿತು. ಉತ್ತರದಲ್ಲಿ ಅರ್ಥವಾಗುವಷ್ಟು ಹಳೆಯ ಮಾತು ಇರಲಿ, ಅದಕ್ಕಿಂತ ಹೆಚ್ಚು ಬೇಡ, ಬೇಡದ್ದನ್ನು ತೆಗೆಯಿರಿ ಎಂಬುದು ಅದರ ತಾತ್ಪರ್ಯ. ಮುಂದೆ ಪತ್ರ ಬರೆಯುವ ತಂತ್ರಾಂಶಗಳೇ ಹಳೆಯದನ್ನೆಲ್ಲ ತಾವಾಗಿ ಅಂಟಿಸತೊಡಗಿದವು. ಮೂರು ಚುಕ್ಕೆಗಳ ಹಿಂದೆ ಅದನ್ನು ಮರೆಮಾಡಿ, ಕಳುಹಿಸುವವರಿಗೆ ತಾವು ಏನು ಕಳುಹಿಸುತ್ತಿದ್ದೇವೆಂಬುದೇ ಕಾಣದಂತಾಯಿತು. 2010ರ ಔಟ್‌ಲುಕ್‌ನಲ್ಲಿ, ಮುಂದಿನ ಪತ್ರದೊಳಗೆ ಪೂರ್ತಿ ಅಡಕವಾಗಿರುವ ಹಿಂದಿನ ಪತ್ರಗಳನ್ನು ಹುಡುಕಿ ತೆಗೆದುಹಾಕುವ ಒಂದು ಸೌಕರ್ಯವನ್ನೇ ಸೇರಿಸಿದರು. ಕಸ ಹೆಚ್ಚಿದ ಮೇಲೆ ಪೊರಕೆ ಕೊಟ್ಟ ಹಾಗೆ.

ಬಾಲವೇ ದಾಖಲೆಯಲ್ಲವೇ?

ಇಲ್ಲಿ ಹಿರಿಯ ಸದಸ್ಯರು ಒಂದು ಆಕ್ಷೇಪಣೆ ಎತ್ತಬಹುದು. 'ನಾಳೆ ತಕರಾರು ಬಂದರೆ? ಎಲ್ಲವೂ ಒಂದೇ ಪತ್ರದಲ್ಲಿದ್ದರೆ ತೋರಿಸಲು ಅನುಕೂಲವಲ್ಲವೇ?' ಆಕ್ಷೇಪಣೆ ನ್ಯಾಯವಾದದ್ದು. ಉತ್ತರ ಹೀಗಿದೆ.

ಬಾಲದಲ್ಲಿರುವುದು ಹಳೆಯ ಪತ್ರವಲ್ಲ, ಹಳೆಯ ಪತ್ರದ ನಕಲು. ಉತ್ತರ ಬರೆಯುವವರು ಅದರೊಳಗೆ ಕೈಯಾಡಿಸಬಹುದು. 15 ಇದ್ದದ್ದನ್ನು 25 ಮಾಡಬಹುದು, ಒಂದು ಸಾಲು ತೆಗೆಯಬಹುದು, ಒಂದು ಸಾಲು ಸೇರಿಸಬಹುದು. ಅಸಲು ಇರುವುದು ಆ ದಿನ ಬಂದ ಪತ್ರ ನಮ್ಮ ಪೆಟ್ಟಿಗೆಯಲ್ಲಿ, ನಾವು ಕಳುಹಿಸಿದ ಪತ್ರ ಕಳುಹಿಸಿದ ಪತ್ರಗಳ ಪೆಟ್ಟಿಗೆಯಲ್ಲಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೇರೆಗೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಅಂತಹ ದಾಖಲೆಯನ್ನು ನ್ಯಾಯಾಲಯದ ಮುಂದಿಡುವ ಕ್ರಮವನ್ನೂ, ಅದಕ್ಕೆ ಬೇಕಾದ ಪ್ರಮಾಣಪತ್ರವನ್ನೂ ಹೇಳುತ್ತದೆ. ಆದ್ದರಿಂದ ಕಾಪಾಡಬೇಕಾದದ್ದು ಅಸಲು ಪತ್ರಗಳನ್ನು. ಕತ್ತರಿಸಬೇಕಾದದ್ದು ಹೊಸ ಪತ್ರದ ಬಾಲವನ್ನು. ಈ ಎರಡನ್ನು ಒಂದೆಂದು ತಿಳಿದು ಪೆಟ್ಟಿಗೆಯನ್ನೇ ಖಾಲಿಮಾಡುವುದು ಸಲ್ಲದು.

ಬಾಲವನ್ನು ಉಳಿಸಬೇಕಾದ ಸಂದರ್ಭಗಳೂ ಇವೆ. ಹೊಸ ಕಾರ್ಯದರ್ಶಿ ಬಂದಾಗ, ವಕೀಲರಿಗೆ ಒಪ್ಪಿಸುವಾಗ, ತಕರಾರಿನ ವಿಚಾರಣೆಗೆ ಕಳುಹಿಸುವಾಗ ಹಿಂದಿನದು ಪೂರ್ತಿ ಬೇಕು. ಆಗ ಅಸಲು ಪತ್ರಗಳನ್ನೇ ದಿನಾಂಕವಾರು ಜೋಡಿಸಿ 'ಇದರೊಂದಿಗೆ 12 ಪತ್ರಗಳಿವೆ' ಎಂದು ಎಣಿಕೆ ಹೇಳಿ ಕೊಡುವುದು ಕ್ರಮ.

ಪಾಲಿಸಬೇಕಾದ ಕ್ರಮ

1. ಒಂದು ಪತ್ರಕ್ಕೆ ಒಂದು ವಿಷಯ. ಅಡಿಕೆಯ ಪತ್ರದ ಉತ್ತರದಲ್ಲಿ ಕಾಫಿಪುಡಿಯ ಮಾತು ತೆಗೆಯಬೇಡಿ. ಹೊಸ ವಿಷಯಕ್ಕೆ ಹೊಸ ಪತ್ರ, ಹೊಸ ತಲೆಬರಹ.

2. ಉತ್ತರದ ಗುಂಡಿ ಒತ್ತಿದ ಮೇಲೆ ಕೆಳಗಿನ ಮೂರು ಚುಕ್ಕೆ ಒತ್ತಿ ಬಾಲವನ್ನು ಬಿಚ್ಚಿ ನೋಡಿ. ಯಾವ ಸಾಲಿಗೆ ಉತ್ತರ ಬರೆಯುತ್ತೀರೋ ಆ ಸಾಲನ್ನು ಮಾತ್ರ ಉಳಿಸಿ, ಉಳಿದದ್ದನ್ನು ಆರಿಸಿ ಅಳಿಸಿ. ಕಚೇರಿಯ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇದ್ದರೆ, ಉತ್ತರದಲ್ಲಿ ಮೂಲ ಪತ್ರವನ್ನು ಸೇರಿಸಬಾರದೆಂದು ಒಮ್ಮೆ ಹೊಂದಿಸಿಟ್ಟರೆ ಸಾಕು.

3. ಮೊದಲ ಸಾಲಿನಲ್ಲಿ ಉಲ್ಲೇಖ ಬರೆಯಿರಿ. ದಿನಾಂಕ, ಯಾವ ಮಾತು ಎಂಬ ಎರಡೇ ಸಂಗತಿ ಸಾಕು.

4. ಹಲವು ಪ್ರಶ್ನೆಗಳಿದ್ದರೆ 1, 2, 3 ಎಂದು ಸಂಖ್ಯೆ ಹಾಕಿ ಕೇಳಿ. ಉತ್ತರಿಸುವವರು ಅದೇ ಸಂಖ್ಯೆಗೆ ಉತ್ತರ ಕೊಡಲಿ.

5. ಚೀಲ, ದರ, ದಿನ ಬದಲಾದರೆ 'ಹಿಂದಿನದು ರದ್ದು, ಈಗಿನದು ಇದು' ಎಂದು ಸ್ಪಷ್ಟವಾಗಿ ಬರೆಯಿರಿ. ಸರಕು ಹೊರಡುವ ಮುನ್ನ ಕೊನೆಯ ಒಪ್ಪಂದವನ್ನೆಲ್ಲ ಒಂದೇ ಹೊಸ ಪತ್ರದಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಲಾರಿ ತುಂಬುವವರ ಕೈಗೆ ಹೋಗಬೇಕಾದದ್ದು ಆ ಒಂದೇ ಪತ್ರ.

6. 'ಎಲ್ಲರಿಗೂ ಉತ್ತರ' ಎಂಬ ಗುಂಡಿಯನ್ನು ಒತ್ತುವ ಮುನ್ನ ಎಲ್ಲರಿಗೂ ಬೇಕೇ ಎಂದು ಯೋಚಿಸಿ. ಮುಂದಕ್ಕೆ ಕಳುಹಿಸುವಾಗ ಬಾಲವನ್ನೂ, ಲಗತ್ತುಗಳನ್ನೂ ತಪ್ಪದೆ ಪರಿಶೀಲಿಸಿ. ಸಾಮಾನ್ಯವಾಗಿ ಉತ್ತರಿಸುವಾಗ ಲಗತ್ತು ಉಳಿದುಬಿಡುತ್ತದೆ, ಮುಂದಕ್ಕೆ ಕಳುಹಿಸುವಾಗ ಜೊತೆಗೇ ಹೋಗುತ್ತದೆ.

7. ಹೆಸರಿನ ಕೆಳಗಿನ ಬಣ್ಣದ ಲಾಂಛನ ತೆಗೆಯಿರಿ. ಹೆಸರು, ಹುದ್ದೆ, ಫೋನು ಸಾಕು.

ಈ ಕ್ರಮದಲ್ಲಿ ಬರೆದ ಪತ್ರ ಹೀಗಿರುತ್ತದೆ:

ವಿಷಯ: ಸುರಪುರಕ್ಕೆ ಅಡಿಕೆ ರವಾನೆ.
ಉಲ್ಲೇಖ: ಚೀಲಗಳ ಸಂಖ್ಯೆಯ ಬಗ್ಗೆ ತಮ್ಮ 7ನೇ ತಾರೀಖಿನ ಪತ್ರ.
ಮಾನ್ಯರೇ, ತಾವು 'ಸದ್ಯಕ್ಕೆ 15 ಸಾಕು' ಎಂದು ಬರೆದಿದ್ದೀರಿ. ಅದರಂತೆ 15 ಚೀಲ ಕಳುಹಿಸುತ್ತೇವೆ. ಮೊದಲು ಹೇಳಿದ 20 ರದ್ದು. ಲಾರಿ 12ರಂದು ಹೊರಡುತ್ತದೆ. ಬಾಡಿಗೆ ತಮ್ಮದು. ಒಪ್ಪಿಗೆ ತಿಳಿಸಿರಿ.

ಇಷ್ಟೇ. ಮೊಬೈಲಿನ ಪರದೆಯ ಮೇಲೆ ಒಂದೇ ನೋಟಕ್ಕೆ ಕಾಣುತ್ತದೆ. ಕೊನೆಯ ಮಾತು ಯಾವುದೆಂದು ಹುಡುಕಬೇಕಾಗಿಲ್ಲ. ಆರು ತಿಂಗಳ ಮೇಲೆ ತೆರೆದರೂ ಅರ್ಥವಾಗುತ್ತದೆ.

ಸಣ್ಣ ಬೆಳೆಗಾರರ ಬಲ ಅಡಗಿರುವುದು ಸಂಘದಲ್ಲಿ. ಸಂಘದ ಮಾತು ಸ್ಪಷ್ಟವಾಗಿದ್ದರೆ ದೂರದ ವ್ಯಾಪಾರಿಯೂ ನಂಬುತ್ತಾರೆ. ನಮ್ಮ ಸಂಘಗಳ ಪತ್ರವ್ಯವಹಾರ ನೋಡಿಕೊಳ್ಳುವ ಗುಮಾಸ್ತರು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ. ಕೊಯ್ಲಿನ ಕಾಲದಲ್ಲಿ ಅವರು ತೂಕ ನೋಡಬೇಕು, ಪಾವತಿ ಬರೆಯಬೇಕು, ಫೋನಿಗೆ ಉತ್ತರ ಕೊಡಬೇಕು. ಅವರ ಕಣ್ಣಿಗೆ ಬೇಡದ 264 ಸಾಲುಗಳನ್ನು ಹೇರದಿದ್ದರೆ ಬೇಕಾದ 48 ಸಾಲುಗಳನ್ನು ಅವರು ಸರಿಯಾಗಿ ಓದುತ್ತಾರೆ. ಸದಸ್ಯರು ಸಂಘಕ್ಕೆ ಬರೆಯುವ ಮುಂದಿನ ಪತ್ರದಿಂದಲೇ ಈ ಕ್ರಮವನ್ನು ಆರಂಭಿಸಬೇಕೆಂದು ಕೋರುತ್ತೇವೆ. ಸಂಘದ ಕಡೆಯಿಂದ ಬರುವ ಉತ್ತರದಲ್ಲಿ ಬಾಲ ಕಂಡರೆ ಅದನ್ನು ಎತ್ತಿ ತೋರಿಸುವ ಹಕ್ಕೂ ಸದಸ್ಯರಿಗಿದೆ.